ಮಾಸ್ತಪ್ಪ ದೀಪ ಇಳಿಸದ ಬೆಳಿಗ್ಗೆ

ಬಾವಿಗೆ ಇಳಿಯುವ ಮೊದಲು ಮಾಸ್ತಪ್ಪ ದೀಪ ಇಳಿಸುತ್ತಿದ್ದ. ಮೂವತ್ತಾರು ವರ್ಷ ಬಾವಿಗಳ ಹೂಳು ತೆಗೆದ ಮನುಷ್ಯ, ಒಂದೇ ಒಂದು ಸಲವೂ ಇದನ್ನು ತಪ್ಪಿಸಿದವನಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಅವನು ಇಳಿದು ಹತ್ತಿದ ಬಾವಿಗಳು ಎಷ್ಟೋ. ಅಷ್ಟೂ ಬಾವಿಗಳು ಅವನನ್ನು ಜೀವಸಹಿತ ವಾಪಸು ಕೊಟ್ಟವು. ಕೊಡದೆ ಇದ್ದದ್ದು ನನ್ನ ಹಿತ್ತಿಲಿನ ಸಂಪು. ಪೊಲೀಸ್ ಠಾಣೆಯ ಕಾಗದದಲ್ಲಿ ಆ ವಿಷಯ ಆರು ಸಾಲಿಗೆ ಮುಗಿದಿದೆ, ಕೆಳಗೆ ನನ್ನ ಸಹಿ ಇದೆ. ಆ ಆರು ಸಾಲಿನಲ್ಲಿ ಒಂದು ಸುಳ್ಳು. ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ನಾನು ಹೊಸನಗರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಸಿಟ್ಟಿನ ಮೇಷ್ಟ್ರು ಎಂದು ಹೆಸರು. ಮಕ್ಕಳಿಗೆ ಪಾಠ ಬರದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಬಂದ ಪಾಠವನ್ನು ಬಳಸದಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅದು ನನಗೇ ಬಂದು ತಗಲುತ್ತದೆ.

ಮಾಸ್ತಪ್ಪನ ಮನೆ ಪೇಟೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅವನ ಅಜ್ಜ ಗೇಣಿ ಗದ್ದೆ ಮಾಡಿಕೊಂಡಿದ್ದವನು, ಅಪ್ಪನ ಕಾಲಕ್ಕೆ ಆ ಗದ್ದೆ ಅವರದ್ದೇ ಆಯಿತು. ಗದ್ದೆ ಕೆಲಸ ಮುಗಿದ ಮೇಲೆ, ಬೇಸಿಗೆಯಲ್ಲಿ, ಮನೆಯ ಗಂಡಸರು ಬಾವಿ ಕೆಲಸಕ್ಕೆ ಹೋಗುತ್ತಿದ್ದರು. ಹಾಗೆ ಹೋದಾಗಲೇ, ಅವನಿಗೆ ಹದಿನೆಂಟು ವರ್ಷವಿದ್ದಾಗ, ಕೋಣಂದೂರಿನ ಕಡೆಯ ಒಂದು ತೋಟದ ಹಾಳು ಬಾವಿಗೆ ಅವನ ಚಿಕ್ಕಪ್ಪ ಇಳಿದ. ಅರ್ಧಕ್ಕೆ ಹೋದವನು ಹಗ್ಗ ಬಿಟ್ಟ. ಏನಾಯಿತು ಎಂದು ನೋಡಲು ಮತ್ತೊಬ್ಬ ಇಳಿದ, ಅವನೂ ಮಾತಾಡಲಿಲ್ಲ. ಮೂರನೆಯವನಾಗಿ ಮಾಸ್ತಪ್ಪ ಕಾಲು ಇಳಿಬಿಟ್ಟಿದ್ದ. ಆ ಊರಿನ ಒಬ್ಬ ಮುದುಕ ಅವನ ಕೂದಲು ಹಿಡಿದು ಎಳೆದು ಕೂರಿಸಿ, ಚಿಮಣಿ ಬುಡ್ಡಿಯೊಂದನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಬಿಟ್ಟ. ಎರಡಾಳುದ್ದ ಇಳಿಯುವಷ್ಟರಲ್ಲಿ ಬುಡ್ಡಿ ಆರಿತು.

'ಯಾರೋ ಊದಿ ಆರ್ಸಿದ ಹಂಗೆ ಆರ್ತು ಮೇಷ್ಟ್ರೇ. ಅಲ್ಲಿ ಊದೋರು ಯಾರಿದ್ರು?' ಎಂದು ಮಾಸ್ತಪ್ಪ ನನ್ನ ಹತ್ತಿರ ಹೇಳಿದ್ದ. ಇದನ್ನು ಹೇಳುವಾಗ ಮಾತ್ರ ಅವನು ನಗುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ನಗಿಸುವವನೇ. ಅವನ ಹೆಂಡತಿ ಯಮುನಮ್ಮ ಹಿನ್ನೀರಿನ ದಂಡೆಯ ಹೊನ್ನೆಮರಡು ಕಡೆಯವಳು. 'ನನ್ನ ಮಾವನ ಮನೆ ಸುತ್ತ ಎಲ್ಲಿ ನೋಡಿದ್ರೂ ನೀರು, ಬಾವಿ ಕೆಲ್ಸದವ್ನಿಗೆ ಕಾಫಿ ಕೊಡೋರೂ ಇಲ್ಲ' ಎಂದು ಅವಳ ಎದುರಿಗೇ ಛೇಡಿಸುತ್ತಿದ್ದ. ಯಮುನಮ್ಮ ಕಡಿಮೆ ಮಾತಿನ ಹೆಂಗಸು. ಅವನ ಜೊತೆ ಕೆಲಸಕ್ಕೆ ಬಂದು ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಅವಳ ತಮ್ಮ ಧರ್ಮಪ್ಪ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಈ ಇಬ್ಬರನ್ನು ಬಿಟ್ಟರೆ ಬೇರೆಯವರನ್ನು ಅವನು ಸೇರಿಸುತ್ತಿರಲಿಲ್ಲ.

ಎಣ್ಣೆಯ ತಗಡಿನ ಡಬ್ಬದ ಒಂದು ಮಗ್ಗುಲು ಕತ್ತರಿಸಿ ಒಳಗೆ ಬುಡ್ಡಿ ಕೂರಿಸಿದ್ದ. ಬಾವಿಕಟ್ಟೆಗೆ ಬಂದ ಕೂಡಲೇ ಅದನ್ನು ಹಚ್ಚಿ ಇಳಿಸುವುದು, ತಳ ಮುಟ್ಟಿದ ಮೇಲೆ ಒಂದು ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತು ನೋಡುವುದು. ದೀಪ ನೆಟ್ಟಗೆ ಉರಿದರೆ ಇಳಿಯುವುದು. ಮಂಕಾದರೆ ಸೊಪ್ಪಿನ ದೊಡ್ಡ ಕಟ್ಟು ಮಾಡಿ, ಹಗ್ಗಕ್ಕೆ ಬಿಗಿದು, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿ, ಮತ್ತೆ ದೀಪ ಇಳಿಸುವುದು. ಸಾಗರದಲ್ಲಿ ಒಬ್ಬ ದೊಡ್ಡ ಮನುಷ್ಯರ ಮನೆಯ ಬಾವಿಯಲ್ಲಿ ದೀಪ ಮೂರು ಸಲ ಆರಿತಂತೆ. ಮನೆಯವರಿಗೆ ಗಡಿಬಿಡಿ, ಮರುದಿನ ಏನೋ ಕಾರ್ಯ. ಒಳಗಿಂದ ಒಳ್ಳೇ ಟಾರ್ಚ್ ತಂದುಕೊಟ್ಟು, ಇದು ಆರುವುದಿಲ್ಲ, ಇದನ್ನು ಹಿಡಿದುಕೊಂಡು ಇಳಿ ಎಂದರಂತೆ. ಇವನು ಹಗ್ಗ ಸುತ್ತಿಕೊಂಡು ಹೊರಟೇಬಿಟ್ಟ.

'ಟಾರ್ಚಿಗೆ ಉಸ್ರು ಬೇಡ ಸ್ವಾಮಿ, ನಂಗೆ ಬೇಕು ಅಂದೆ' ಎಂದು ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆ ಮಾತು ಕೇಳಿಯೇ ನಾನು ಅವನನ್ನು ಶಾಲೆಗೆ ಕರೆಸಿದ್ದು. ಎಂಟನೇ ತರಗತಿಗೆ ದಹನದ ಪಾಠ ನಡೆಯುತ್ತಿತ್ತು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಆರುವುದನ್ನು ತೋರಿಸಿ, ಆಮ್ಲಜನಕ ಎಂದು ಬೋರ್ಡಿನ ಮೇಲೆ ಬರೆಯುವ ಪಾಠ. ಪ್ರತಿ ವರ್ಷ ಮಾಡುತ್ತಿದ್ದೆ. ಆ ವರ್ಷ ಮಾಸ್ತಪ್ಪ ಶಾಲೆಯ ಬಾವಿಗೆ ಡಬ್ಬ ಇಳಿಸಿ ತೋರಿಸಿದ, ಚಿಕ್ಕಪ್ಪನ ಕಥೆ ಹೇಳಿದ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದವು. ಪರೀಕ್ಷೆಯಲ್ಲಿ 'ಬಾವಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಸುವುದೇಕೆ?' ಎಂದು ಕೇಳಿದೆ. ನಲವತ್ತೆರಡು ಮಕ್ಕಳಲ್ಲಿ ನಲವತ್ತು ಮಕ್ಕಳು ಸರಿಯಾಗಿ ಬರೆದವು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ.

ವರ್ಷದ ಕೊನೆಯ ಪರೀಕ್ಷೆಗೆ ಅದೇ ಪ್ರಶ್ನೆಗೆ ಬೇರೆ ಅಂಗಿ ತೊಡಿಸಿದೆ. 'ಬಯಲುಸೀಮೆಯ ರೈತನೊಬ್ಬ ಜೋಳ ತುಂಬಿಟ್ಟ ನೆಲದೊಳಗಿನ ಹಗೇವನ್ನು ಬಹಳ ತಿಂಗಳ ಮೇಲೆ ತೆರೆದಿದ್ದಾನೆ. ಜೋಳ ತೆಗೆಯಲು ಒಳಗೆ ಇಳಿಯುವ ಮೊದಲು ಅವನು ಏನು ಮಾಡಬೇಕು?' ಕೈ ತೊಳೆಯಬೇಕು ಎಂದು ಬರೆದವರಿದ್ದರು, ಚೀಲ ತರಬೇಕು ಎಂದವರಿದ್ದರು, ಹಾವಿದೆಯೇ ನೋಡಬೇಕು ಎಂದವರಿದ್ದರು. ದೀಪ ಎಂದು ಬರೆದವರು ಇಬ್ಬರು. ನನಗೆ ತಲೆ ಕೆಟ್ಟುಹೋಯಿತು. ಉಳಿದ ಒಂದೊಂದು ಉತ್ತರಪತ್ರಿಕೆಯ ಮೇಲೂ ಕೆಂಪು ಇಂಕಿನಲ್ಲಿ 'ಗೊತ್ತಿದ್ದದ್ದು ಎಲ್ಲಿ ಹೋಯಿತು?' ಎಂದು ಬರೆದೆ. ಮಾಸ್ತಪ್ಪನಿಗೂ ಹೇಳಿಕೊಂಡೆ.

'ನೀವು ಬಾವಿ ಅಂದಿದ್ರೆ ಹುಡುಗ್ರು ಬರೀತಿದ್ರು. ಜೋಳ ಅಂದ್ರಿ, ಅವು ಜೋಳದ ಹಿಂದೆ ಹೋದ್ವು. ಅದಕ್ಯಾಕೆ ಬಯ್ತೀರಿ' ಎಂದ. ಇಬ್ಬರೂ ನಕ್ಕೆವು.

ನಿವೃತ್ತಿಯಾದ ಮೇಲೆ ಮಳೆನೀರು ಹಿಡಿದಿಡುವ ಹುಚ್ಚು ಹಿಡಿಯಿತು. ಹಿತ್ತಿಲಿನಲ್ಲಿ ನೆಲದೊಳಗೆ ಒಂಬತ್ತು ಅಡಿ ಆಳದ ಕಾಂಕ್ರೀಟು ಸಂಪು ಕಟ್ಟಿಸಿದೆ. ಮೇ ತಿಂಗಳ ಕೊನೆಗೆ ಮೇಲಿನ ಸ್ಲ್ಯಾಬ್ ಹಾಕಿದರು. ಸ್ಲ್ಯಾಬ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲಲಿ ಎಂದು ಒಳಗೆ ಅಕೇಶಿಯಾ ಕಂಬಗಳು, ಅವುಗಳ ಮೇಲೆ ಮಾವಿನ ಹಲಗೆಗಳು. ಇದಕ್ಕೆ ಸೆಂಟ್ರಿಂಗ್ ಎನ್ನುತ್ತಾರೆ. ಮೂರು ವಾರ ಬಿಟ್ಟು ಬಿಚ್ಚುತ್ತೇನೆ ಎಂದ ಮೇಸ್ತ್ರಿ ಪೂರ್ಣೇಶ್, ಅಷ್ಟರಲ್ಲಿ ಮಳೆ ಹಿಡಿಯಿತು. ಬಾಯಿಗೆ ತಗಡು ಮುಚ್ಚಿ, ತಗಡಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕಲ್ಲು ಹೇರಿ ಹೋದ. ಜೂನ್, ಜುಲೈ, ಆಗಸ್ಟ್ ಕಳೆಯಿತು, ದೀಪಾವಳಿಯೂ ಕಳೆಯಿತು. ಫೋನು ಮಾಡಿದರೆ ತೀರ್ಥಹಳ್ಳಿಯಲ್ಲಿ ಕೆಲಸ ಇದೆ, ನಾಳೆ ಬರುತ್ತೇನೆ ಎನ್ನುತ್ತಿದ್ದ. ಆರು ತಿಂಗಳು ಆ ಹಸಿ ಹಲಗೆಗಳು ಬೆಳಕಿಲ್ಲದೆ, ಗಾಳಿಯಿಲ್ಲದೆ, ಒಂದಡಿ ಜಿನುಗು ನೀರಿನ ಮೇಲೆ ಕೊಳೆಯುತ್ತ ಇದ್ದವು. ಕೊಳೆಯುವ ಮರ ಒಳಗಿದ್ದ ಗಾಳಿಯ ಸತ್ವವನ್ನೆಲ್ಲ ಕುಡಿದು ಮುಗಿಸುತ್ತದೆ. ಇದು ನನಗೆ ಆಮೇಲೆ ಯಾರೋ ಹೇಳಿಕೊಟ್ಟದ್ದಲ್ಲ. ನಾನೇ ಪಾಠ ಮಾಡಿದ್ದೆ.

ನವೆಂಬರಿನಲ್ಲಿ ತಾಳ್ಮೆ ಕೆಟ್ಟು ಮಾಸ್ತಪ್ಪನಿಗೆ ಫೋನು ಮಾಡಿದೆ. ನಾನು ಆಡಿದ ಮಾತು ಹಾಗೆಹಾಗೇ ನೆನಪಿದೆ. 'ಮಾಸ್ತಪ್ಪ, ಒಂದು ಸಣ್ಣ ಕೆಲಸ ಮಾರಾಯ. ಸಂಪಿನಲ್ಲಿ ಸೆಂಟ್ರಿಂಗ್ ಹಲಗೆ ಉಳಿದುಬಿಟ್ಟಿದೆ. ಬಿಚ್ಚಿ ಮೇಲೆ ಹಾಕಬೇಕು.'

'ಹಲಗೆ ಬಿಚ್ಚೋದಾ? ಅದೆಂತ ದೊಡ್ಡ ಕೆಲ್ಸ, ನಾಳೆ ಬಂದು ಎಳೆದು ಹಾಕ್ತೀನಿ' ಎಂದ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮೂವರೂ ಬಂದರು. ಬಿಸಿಲು ಚೆನ್ನಾಗಿತ್ತು. ನನ್ನ ಹೆಂಡತಿ ಹೇಮಾವತಿ ತಿಂಡಿ ಕೊಟ್ಟಳು. ಮಾಸ್ತಪ್ಪನ ಕೈಯಲ್ಲಿ ಹಾರೆ, ಸುತ್ತಿಗೆ, ಮೊಳೆ ಕೀಳುವ ಕಬ್ಬಿಣ. ಹಗ್ಗ ಇರಲಿಲ್ಲ. ಡಬ್ಬವೂ ಇರಲಿಲ್ಲ. ಇದನ್ನು ನಾನು ಆಗ ಗಮನಿಸಲಿಲ್ಲ. ಬಡಗಿಯ ಕೈಯಲ್ಲಿ ಇರಬೇಕಾದ ಸಾಮಾನು ಇತ್ತು, ಕೆಲಸಕ್ಕೆ ಅದು ಸರಿಯಾಗಿಯೇ ಕಂಡಿತು.

ಧರ್ಮಪ್ಪ ಕಲ್ಲು ಸರಿಸಿ ತಗಡು ತೆಗೆದ. ಒಳಗಿನಿಂದ ಹುಳಿ ವಾಸನೆ ಬಂತು. 'ಮಾವಿನ ಹಲಗೆ ಕೊಳ್ತು ಹೋಗಿದಾವೆ ಮೇಷ್ಟ್ರೇ, ಸೌದೆಗೂ ಬರಲ್ಲ' ಎಂದ ಮಾಸ್ತಪ್ಪ. ಎರಡಡಿ ಚೌಕದ ಬಾಯಿ, ಕೆಳಗೆ ಕಗ್ಗತ್ತಲೆ. ಬಗ್ಗಿ ನೋಡಿ, 'ಏನೂ ಕಾಣಲ್ಲ, ಒಂದು ಬಲ್ಬ್ ಬಿಡಿ' ಎಂದ. ನಾನು ಉದ್ದನೆಯ ವೈರಿಗೆ ಎಲ್‌ಇಡಿ ಬಲ್ಬ್ ಸಿಕ್ಕಿಸಿ ಒಳಗೆ ಇಳಿಬಿಟ್ಟೆ. ಬೆಳ್ಳಗೆ ಬೆಳಕಾಯಿತು. ಟಾರ್ಚಿನ ಕಥೆ ಹೇಳಿದವನು ಅವನು, ಅದನ್ನು ಕೇಳಿ ಇಡೀ ತರಗತಿಗೆ ಹೇಳಿದವನು ನಾನು. ಇಬ್ಬರೂ ಅಲ್ಲಿ ನಿಂತು ಆರದ ದೀಪವೊಂದನ್ನು ಗುಂಡಿಗೆ ಇಳಿಸಿದೆವು. ಇಬ್ಬರಿಗೂ ಏನೂ ನೆನಪಾಗಲಿಲ್ಲ.

ಏಣಿ ಇಟ್ಟು ಇಳಿದ. ಬಾಯಿಯ ಹತ್ತಿರದ ನಾಲ್ಕೈದು ಹಲಗೆ ಕಿತ್ತು ಮೇಲೆ ಕೊಟ್ಟ. ಧರ್ಮಪ್ಪ ಎಳೆದುಕೊಂಡ, ಯಮುನಮ್ಮ ಗೋಡೆಗೆ ಒರಗಿಸಿಟ್ಟಳು. 'ಸ್ವಲ್ಪ ತಲೆ ಭಾರ ಆಗ್ತದೆ, ವಾಸ್ನೆಗೆ' ಎಂದು ಒಳಗಿನಿಂದ ಹೇಳಿದ್ದು ಕೇಳಿಸಿತು. 'ತಿಂಡಿ ಜಾಸ್ತಿ ಆಗಿರ್ಬೇಕು' ಎಂದೆ ನಾನು. ಅವನು ನಕ್ಕ. ಆಮೇಲೆ ಆ ತುದಿಯ ಕಂಬಗಳನ್ನು ಸಡಿಲಿಸುತ್ತೇನೆ ಎಂದು ಒಳಕ್ಕೆ ಹೋದ. ಸುತ್ತಿಗೆಯ ಸದ್ದು ಹತ್ತು ಹನ್ನೆರಡು ಸಲ ಬಂತು, ನಡುನಡುವೆ ತಡೆದು ಬಂತು, ನಿಂತುಹೋಯಿತು. ನೀರಿಗೆ ಏನೋ ಬಿದ್ದ ಸದ್ದಾಯಿತು.

'ಭಾವ' ಎಂದು ಧರ್ಮಪ್ಪ ಕೂಗಿದ. ಉತ್ತರವಿಲ್ಲ. ನಾನು ಬಗ್ಗಿ ನೋಡಿದೆ. ಬಲ್ಬ್ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಮಾಸ್ತಪ್ಪನ ಬೆನ್ನು ಕಾಣುತ್ತಿತ್ತು, ಅವನು ನೀರಿನಲ್ಲಿ ಮೊಣಕಾಲೂರಿ ಗೋಡೆಗೆ ಕುಸಿದಿದ್ದ. ವೈರು ಅವನ ಹತ್ತಿರವೇ ಹಾದುಹೋಗಿತ್ತು.

'ಕರೆಂಟ್ ಹೊಡೆದಿದೆ, ಯಾರೂ ಮುಟ್ಟಬೇಡಿ' ಎಂದು ಕೂಗಿ ನಾನು ಮನೆಯ ಮುಂದಿನ ಮೇನ್ ಸ್ವಿಚ್ಚಿಗೆ ಓಡಿದೆ. ವೈರು ಕಂಡಿತು, ನೀರು ಕಂಡಿತು, ಬಿದ್ದ ಮನುಷ್ಯ ಕಂಡ; ಕೂಡಿಸಿ ಕರೆಂಟ್ ಎಂದೆ. ಮೂವತ್ತೊಂದು ವರ್ಷದ ವಿಜ್ಞಾನದ ಮೇಷ್ಟ್ರು ಕೊಟ್ಟ ಉತ್ತರ ಅದು. ಸ್ವಿಚ್ ತೆಗೆದು, 'ಆಫ್ ಆಯ್ತು, ಇಳೀಬಹುದು' ಎಂದು ಅಲ್ಲಿಂದಲೇ ಕೂಗಿದೆ. ಇಳಿಯಬಹುದು ಎಂದು ನನ್ನ ಬಾಯಿಂದ ಬಂದದ್ದು ನಿಜ.

ವಾಪಸು ಓಡಿಬಂದಾಗ ಧರ್ಮಪ್ಪನ ಎರಡು ಕಾಲೂ ಸಂಪಿನ ಬಾಯಿಯೊಳಗಿದ್ದವು. ಯಮುನಮ್ಮ ಹಿಂದಿನಿಂದ ಅವನ ಸೊಂಟ ತಬ್ಬಿ, ನೆಲಕ್ಕೆ ಕಾಲು ಊರಿ, ಎಳೆಯುತ್ತಿದ್ದಳು.

'ಬಿಡಕ್ಕ, ಭಾವ ಒಳಗಿದಾರೆ' ಎಂದು ಅವನು ಅಳುತ್ತಿದ್ದ.

'ಇಳೀಬೇಡ. ದೀಪ ಇಳ್ಸು ಮೊದ್ಲು.'

'ಮೇಷ್ಟ್ರು ಕರೆಂಟ್ ತೆಗೆದ್ರಲ್ಲೇ.'

'ದೀಪ ಇಳ್ಸು ಅಂದೆ.' ಅವಳು ಕೂಗಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, 'ಅಮ್ಮ, ದೇವರ ದೀಪ ಕೊಡಿ' ಎಂದಳು.

ಹೇಮಾವತಿ ದೇವರ ಮುಂದೆ ಉರಿಯುತ್ತಿದ್ದ ಹಿತ್ತಾಳೆಯ ಸಣ್ಣ ದೀಪವನ್ನು ಹಾಗೇ ಎತ್ತಿಕೊಂಡು ಬಂದಳು. ಬಕೆಟಿನಲ್ಲಿ ಇಟ್ಟು, ನಮ್ಮ ಮನೆಯ ನೀರು ಸೇದುವ ಬಾವಿಯ ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಬಾಯಿಯಿಂದ ನಾಲ್ಕಡಿ ಹೋಗಿರಬಹುದು. ಅಲುಗಾಡಲಿಲ್ಲ, ಮಿಣುಕಲಿಲ್ಲ. ಯಾರೋ ಊದಿ ಆರಿಸಿದ ಹಾಗೆ ಆರಿತು. ಹತ್ತಿಯ ಬತ್ತಿಯಿಂದ ಒಂದು ಎಳೆ ಹೊಗೆ ಎದ್ದಿತು. ಆಗ ನನಗೆ ಎಲ್ಲವೂ ಗೊತ್ತಾಯಿತು. ಗೊತ್ತಾಯಿತು ಎನ್ನುವುದು ತಪ್ಪು, ಗೊತ್ತಿದ್ದದ್ದು ವಾಪಸು ಬಂತು. ಗಾಜಿನ ಲೋಟದ ಕೆಳಗಿನ ಮೇಣದಬತ್ತಿ ನಾನು ಕಟ್ಟಿಸಿದ ಸಂಪಿನೊಳಗೆ ಇತ್ತು.

ಆಮೇಲೆ ಯಮುನಮ್ಮ ಹೇಳಿದಂತೆ ಮಾಡಿದೆವು. ಹಲಸಿನ ಸೊಪ್ಪು ಕಡಿದು ಕಟ್ಟು ಮಾಡಿ ಧರ್ಮಪ್ಪ ಒಳಗೆ ಆಡಿಸಿದ. ಪಕ್ಕದ ಮನೆಯವರು ತಮ್ಮ ಮನೆಯಿಂದ ವೈರು ಎಳೆದು ಟೇಬಲ್ ಫ್ಯಾನ್ ತಂದು ಬಾಯಿಗೆ ಹಿಡಿದರು. ನಾನು ಅಗ್ನಿಶಾಮಕದವರಿಗೆ, ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ದೀಪ ಇಳಿಸಿದರೆ ಆರುವುದು, ಮತ್ತೆ ಸೊಪ್ಪು ಆಡಿಸುವುದು. ಯಮುನಮ್ಮ ಬಾಯಿಯ ಪಕ್ಕ ಕುಳಿತು ಒಂದು ಕೈಯಲ್ಲಿ ದೀಪದ ಹಗ್ಗ, ಇನ್ನೊಂದು ಕೈಯಲ್ಲಿ ತಮ್ಮನ ಅಂಗಿ ಹಿಡಿದಿದ್ದಳು. ಗಂಡ ಒಂಬತ್ತು ಅಡಿ ಕೆಳಗೆ ಬಿದ್ದಿದ್ದಾನೆ, ತಮ್ಮ ಕೈ ಮುಗಿದು ಬಿಡು ಎನ್ನುತ್ತಿದ್ದಾನೆ, ಅವಳು ಬಿಡಲಿಲ್ಲ. ಐದನೆಯ ಸಲ ದೀಪ ಉರಿಯಿತು. ಆಗ ಕೈ ಬಿಟ್ಟಳು. ಧರ್ಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಭಾವನನ್ನು ಮೇಲಕ್ಕೆ ತಂದ. ಅಷ್ಟರಲ್ಲಿ ಇಪ್ಪತ್ತೈದು ನಿಮಿಷವಾಗಿತ್ತು. ಮಾಸ್ತಪ್ಪನ ಮುಖದಲ್ಲಿ ಗಾಬರಿಯಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಬಂದ ಆಸ್ಪತ್ರೆಯವರು ನಾಡಿ ನೋಡಿ, ಜೀವ ಇಲ್ಲ ಎಂದರು.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವನು ಪ್ರಜ್ವಲ್, ನನ್ನ ಹಳೆಯ ವಿದ್ಯಾರ್ಥಿ. ಮರ್ಯಾದೆಯಿಂದ ಕುರ್ಚಿ ಕೊಟ್ಟ. 'ಅಪಾಯ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಸಾರ್?' ಎಂದು ಕೇಳಿದ. ನಾನು ಗೊತ್ತಿರಲಿಲ್ಲ ಎಂದೆ. ಅವನು ಹಾಗೆಯೇ ಬರೆದ, ನಾನು ಸಹಿ ಹಾಕಿದೆ.

ಹನ್ನೊಂದನೆಯ ದಿನ ಕಳೆದ ಮೇಲೆ ಮಾಸ್ತಪ್ಪನ ಮನೆಗೆ ಹೋದೆ. ಜಗಲಿಯ ಗೂಟಕ್ಕೆ ದೀಪದ ಡಬ್ಬ ನೇತುಹಾಕಿತ್ತು. ಯಮುನಮ್ಮ ನೀರು ಕೊಟ್ಟು ಕಂಬಕ್ಕೆ ಒರಗಿ ಕುಳಿತಳು.

'ಸ್ಟೇಷನ್ನಲ್ಲಿ ಗೊತ್ತಿರ್ಲಿಲ್ಲ ಅಂತ ಬರ್ಸಿದ್ರಂತೆ' ಎಂದಳು.

'ಹೌದಮ್ಮ.'

'ಅವತ್ತು ಬೆಳಿಗ್ಗೆ ಹೊರಡೋವಾಗ ನಾನು ಕೇಳಿದ್ದೆ ಮೇಷ್ಟ್ರೇ. ಡಬ್ಬ ತಗಳಲ್ವಾ ಅಂತ. ಬಾವಿಗೆ ಹೋಗ್ತಿಲ್ಲ ಕಣೆ, ಹಲಗೆ ಬಿಚ್ಚೋಕೆ ಹೋಗ್ತಿರೋದು ಅಂದ್ರು. ಹೌದಲ್ಲ ಅಂತ ನಾನೂ ಸುಮ್ನಾದೆ. ನನ್ ಕೈಯಾರೆ ಅದನ್ನ ಮತ್ತೆ ಗೂಟಕ್ಕೆ ಹಾಕ್ದೆ.' ಅವಳು ಡಬ್ಬದ ಕಡೆ ನೋಡಲಿಲ್ಲ. 'ಇವ್ರಿಗೆ ಗೊತ್ತಿತ್ತು, ನಿಮಗೆ ಗೊತ್ತಿತ್ತು, ನಂಗೂ ಗೊತ್ತಿತ್ತು. ಅವ್ರು ಬಿದ್ದ ಮೇಲೆ ನೆನಪಾಯ್ತು. ಆದ್ರೂ ಗೊತ್ತಿರ್ಲಿಲ್ಲ ಅಂತ ಬರ್ಸಬಾರ್ದಿತ್ತು. ನಾಳೆ ಯಾರಾದ್ರೂ ಓದಿದ್ರೆ, ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಮಾಸ್ತಪ್ಪಂಗೂ ಕೆಲ್ಸ ಬರ್ತಿರ್ಲಿಲ್ಲ ಅಂದ್ಕಳ್ತಾರೆ.'

ನಾನು ಅಲ್ಲಿಂದ ಎದ್ದು ಬಸ್ಸು ಹಿಡಿದು ಸೀದಾ ಠಾಣೆಗೆ ಹೋದೆ. ಹೇಳಿಕೆ ತಿದ್ದಬೇಕು ಎಂದೆ. ಪ್ರಜ್ವಲ್ ಗಾಬರಿಯಾದ. 'ಈಗ ಯಾಕೆ ಸಾರ್, ಸುಮ್ನೆ ತೊಂದ್ರೆ ಮೈಮೇಲೆ ಎಳ್ಕೊಳ್ತೀರಿ' ಎಂದ. ನಾನು ಬಿಡಲಿಲ್ಲ. ಕೊನೆಗೆ ಹೊಸ ಹಾಳೆ ತೆಗೆದುಕೊಂಡ.

'ಗೊತ್ತಿತ್ತು ಅಂತ ಬರಿ' ಎಂದೆ.

'ಗೊತ್ತಿದ್ರೂ ಯಾಕೆ ಬಿಟ್ರಿ ಅಂತ ಕೇಳ್ತಾರೆ ಸಾರ್. ಅದಕ್ಕೆ ಏನ್ ಬರೀಲಿ?'

'ಅದನ್ನ ಯಾರೂ ಬಾವಿ ಅನ್ನಲಿಲ್ಲ. ಹಲಗೆ ಅಂದ್ವಿ. ನಾನೇ ಮೊದಲು ಅಂದವನು. ಹಾಗೇ ಬರಿ.'

ಪ್ರಜ್ವಲ್ ಬರೆಯಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಮಾಸ್ತಪ್ಪ ಶಾಲೆಗೆ ಬಂದು ದೀಪ ಇಳಿಸಿದ ವರ್ಷ ಅವನು ಎಂಟನೇ ತರಗತಿಯಲ್ಲಿದ್ದ, ಎರಡನೇ ಬೆಂಚು.

'ಹಗೇವಿನ ಪ್ರಶ್ನೆಗೆ ನಾನು ಚೀಲ ತರಬೇಕು ಅಂತ ಬರೆದಿದ್ದೆ ಸಾರ್' ಎಂದ. 'ನೀವು ಕೆಂಪು ಇಂಕಲ್ಲಿ ಏನ್ ಬರೆದಿದ್ರಿ, ನೆನಪಿದೆಯಾ?'